ರೀಚಾರ್ಜ್ ಬೇಡದ ಡಿಶ್

"ಅಣ್ಣಾ, ಇನ್ನು ಟಿವಿಯಲ್ಲಿ ಪಾಠ ಅಂತೆ. ನಮ್ಮ ಟಿವಿ ಬರ್ತದಾ?"

2020ರ ಜುಲೈಯಲ್ಲಿ ತಂಗಿ ಹೀಗೆ ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ಅಪ್ಪ ಸರ್ವಿಸ್ ಬಸ್ಸಿನ ಡ್ರೈವರ್. ಲಾಕ್‌ಡೌನ್‌ನಲ್ಲಿ ಬಸ್ಸು ನಿಂತಿತು, ಅದರ ಜೊತೆ ದಿನದ ಸಂಬಳವೂ ನಿಂತಿತು. ಮನೆಯ ಖರ್ಚಿನಲ್ಲಿ ನಾವು ಮೊದಲು ಕಡಿತ ಮಾಡಿದ್ದು ಟಿವಿಯ ರೀಚಾರ್ಜ್. ಮೂರು ತಿಂಗಳಿಂದ ಅಜ್ಜಿ ಟಿವಿಯ ಮೇಲೆ ಹಳೆ ಸೀರೆಯ ತುಂಡು ಹೊದಿಸಿ ಇಟ್ಟಿದ್ದರು.

ನಮ್ಮ ಮನೆ ಹಿರಿಯಡ್ಕ ಪೇಟೆಯಲ್ಲಿಲ್ಲ. ಪೇಟೆಯಿಂದ ಒಳಗೆ, ಸ್ವರ್ಣಾ ನದಿಯ ಕಡೆ ಇಳಿಯುವ ತಗ್ಗಿನಲ್ಲಿದೆ. ಮೊಬೈಲ್ ನೆಟ್‌ವರ್ಕ್ ಬೇಕಾದರೆ ಹಿಂದಿನ ಗುಡ್ಡೆ ಹತ್ತಬೇಕು. ಮಳೆಗಾಲದಲ್ಲಿ ಕೊಡೆ ಹಿಡಿದುಕೊಂಡು ಗುಡ್ಡೆಯ ಮೇಲೆ ನಿಂತು ಎಷ್ಟು ಹೊತ್ತು ಪಾಠ ಕೇಳುವುದು? ತಂಗಿ ಆಗ ಹತ್ತನೇ ತರಗತಿ. ಶಾಲೆ ಮುಚ್ಚಿತ್ತು. ಎಂಟು, ಒಂಬತ್ತು, ಹತ್ತನೇ ತರಗತಿಯವರಿಗೆ ಶಿಕ್ಷಣ ಇಲಾಖೆ ದೂರದರ್ಶನ ಚಂದನದಲ್ಲಿ 'ಸಂವೇದ' ಎಂಬ ಪಾಠ ಶುರು ಮಾಡಿದ್ದು ಆ ತಿಂಗಳು.

ನಾನು ಆಗ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾದ ಎರಡು ವರ್ಷ ಮುಗಿಸಿದ್ದೆ. ಉಪಗ್ರಹ ಸಂಪರ್ಕದ ಬಗ್ಗೆ ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕವನ್ನೂ ತೆಗೆದಿದ್ದೆ. "ಡಿಡಿ ಫ್ರೀ ಡಿಶ್ ಹಾಕುವ. ತಿಂಗಳ ದುಡ್ಡು ಇಲ್ಲ. ನಾನೇ ಕಟ್ಟುತ್ತೇನೆ" ಎಂದು ಅಪ್ಪನಿಗೆ ಧೈರ್ಯ ಹೇಳಿದೆ. ಪ್ರಸಾರ ಭಾರತಿ ಈ ಸೇವೆಯನ್ನು 2004ರ ಡಿಸೆಂಬರ್‌ನಲ್ಲಿ 'ಡಿಡಿ ಡೈರೆಕ್ಟ್ ಪ್ಲಸ್' ಎಂಬ ಹೆಸರಿನಲ್ಲಿ ಆರಂಭಿಸಿತ್ತು. ಡಿಶ್ ಮತ್ತು ಬಾಕ್ಸಿಗೆ ಒಮ್ಮೆ ಹಣ ಕೊಟ್ಟರೆ ಮುಗಿಯಿತು. ಅಮ್ಮ ಬೀಡಿ ಕಟ್ಟಿ ಕೂಡಿಟ್ಟದ್ದರಲ್ಲಿ ಒಂದೂವರೆ ಸಾವಿರ ತೆಗೆದು ಕೊಟ್ಟರು.

ಲೆಕ್ಕ ಸುಲಭವಿತ್ತು. ಫ್ರೀ ಡಿಶ್ ಚಾನೆಲ್‌ಗಳು ಬರುವುದು ಜಿಸ್ಯಾಟ್-15 ಉಪಗ್ರಹದಿಂದ. ಅದು ಸಮಭಾಜಕ ವೃತ್ತದ ಮೇಲೆ, 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಸುಮಾರು 35,786 ಕಿ.ಮೀ. ಎತ್ತರದಲ್ಲಿದೆ. ಭೂಮಿ ತಿರುಗುವ ವೇಗಕ್ಕೆ ಸರಿಯಾಗಿ ಅದೂ ತಿರುಗುವುದರಿಂದ ನಮಗೆ ಒಂದೇ ಕಡೆ ನಿಂತಂತೆ ಕಾಣುತ್ತದೆ. ನಮ್ಮ ಊರಿನ ಅಕ್ಷಾಂಶ, ರೇಖಾಂಶ ಹಾಕಿ ಲೆಕ್ಕ ಮಾಡಿದೆ. ಉತ್ತರದಿಂದ ಪ್ರದಕ್ಷಿಣೆಯಾಗಿ 124 ಡಿಗ್ರಿ, ಅಂದರೆ ಆಗ್ನೇಯ ದಿಕ್ಕು. ನೆಲದಿಂದ ಮೇಲಕ್ಕೆ 63 ಡಿಗ್ರಿ.

ಅಂಗಳದ ಬದಿಗೆ ಕಬ್ಬಿಣದ ಪೈಪು ನೆಟ್ಟೆ. ಡಿಶ್‌ನ ಮುಖಕ್ಕೆ ಕೋನಮಾಪಕ ಹಿಡಿದು ಸರಿಯಾಗಿ 63 ಡಿಗ್ರಿಗೆ ತಿರುಗಿಸಿದೆ. ಸಿಗ್ನಲ್ ಸೊನ್ನೆ. ಆಚೆ ಈಚೆ ತಿರುಗಿಸಿದೆ. ಆಗಲೂ ಸೊನ್ನೆ. ಎರಡು ದಿನ ಹೀಗೇ ಹೋಯಿತು. ತಂಗಿ ಏನೂ ಹೇಳಲಿಲ್ಲ. ಹೇಳದೆ ಇದ್ದದ್ದೇ ನನಗೆ ಹೆಚ್ಚು ನೋವಾಯಿತು.

ಮೂರನೇ ದಿನ ಪೆರ್ಡೂರಿನಿಂದ ಸೋದರಮಾವ ಬಂದರು. ಅವರು ಎಸ್ಸೆಸ್ಸೆಲ್ಸಿ ದಾಟಿದವರಲ್ಲ. ವಯರಿಂಗ್, ಪಂಪು, ಡಿಶ್, ಎಲ್ಲ ಕೆಲಸಕ್ಕೂ ಹೋಗುವವರು. ನಾನು ಕಟ್ಟಿದ್ದನ್ನು ನೋಡಿ ನಕ್ಕರು.

"ಎಂತ ಮಾರಾಯ, ಇದರಲ್ಲಿ ಮಳೆನೀರು ಹಿಡಿಲಿಕ್ಕುಂಟಾ?"

ನಿಜಕ್ಕೂ ಡಿಶ್ ಬಾಣಲೆಯ ಹಾಗೆ ಆಕಾಶ ನೋಡುತ್ತಿತ್ತು. ನನ್ನ ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಮನೆಗೆ ಹಾಕುವ ಸಣ್ಣ ಡಿಶ್‌ನ ಮುಖ ಉಪಗ್ರಹವನ್ನು ನೇರ ನೋಡುವುದಿಲ್ಲ. ಅದರ ಎಲ್‌ಎನ್‌ಬಿ, ಅಂದರೆ ಸಿಗ್ನಲ್ ಹಿಡಿಯುವ ಮೂತಿ, ಮಧ್ಯದಲ್ಲಿ ಇರದೆ ಕೆಳಗೆ ಚಾಚಿಕೊಂಡಿರುತ್ತದೆ. ಆದ್ದರಿಂದ ಡಿಶ್ ಸುಮಾರು 25 ಡಿಗ್ರಿ ಬಾಗಿ ನಿಂತಿದ್ದರೂ ಮೇಲಿನಿಂದ ಬಂದ ತರಂಗ ಕೆಳಗಿನ ಮೂತಿಗೇ ಬೀಳುತ್ತದೆ. ಇದಕ್ಕೆ 'ಆಫ್‌ಸೆಟ್' ಎನ್ನುತ್ತಾರೆ. ಪುಸ್ತಕದಲ್ಲಿ ಆ ಪದ ಓದಿದ್ದೆ. ಅಂಗಳದಲ್ಲಿ ಅದು ನೆನಪಿಗೆ ಬರಲಿಲ್ಲ.

ಮಾವ ಮೊದಲು ಮುಟ್ಟಿದ್ದು ಡಿಶ್ಶನ್ನಲ್ಲ, ಪೈಪನ್ನು. ಗಾರೆ ಕೆಲಸದವರ ತೂಗುಗುಂಡನ್ನು ಅದರ ಪಕ್ಕ ಇಳಿಬಿಟ್ಟರು. "ಉಪಗ್ರಹ ಎಲ್ಲಿಗೂ ಹೋಗ್ಲಿಲ್ಲ. ನಿನ್ನ ಕಂಬ ಓರೆ ಉಂಟು." ಕಂಬ ಓರೆಯಾದರೆ ಡಿಶ್ ತಿರುಗಿಸಿದ ಹಾಗೆ ಎತ್ತರದ ಕೋನವೂ ತಪ್ಪುತ್ತಾ ಹೋಗುತ್ತದೆ. ಎರಡಡಿಯ ಡಿಶ್‌ನ ದೃಷ್ಟಿ ಸುಮಾರು ಮೂರು ಡಿಗ್ರಿಯಷ್ಟೇ ಅಗಲ. ಸ್ವಲ್ಪ ಜಾರಿದರೂ ಏನೂ ಸಿಗದು. ಕಂಬ ನೆಟ್ಟಗೆ ಮಾಡಿ, ಕಲ್ಲು ಹಾಕಿ ಗಟ್ಟಿ ಮಾಡಿದ ಮೇಲೆ ಮಾವ ಡಿಶ್ಶನ್ನು ಒಂದೊಂದೇ ಬೆರಳಿನಷ್ಟು ಸರಿಸಿದರು. ಇಪ್ಪತ್ತು ನಿಮಿಷದಲ್ಲಿ ಒಳಗಿನಿಂದ ತಂಗಿಯ ಕೂಗು ಕೇಳಿತು, "ಬಂತು! ಚಂದನ ಬಂತು!"

ಕತೆ ಅಲ್ಲಿಗೇ ಮುಗಿಯಲಿಲ್ಲ. ಆಟಿಯ ಮಳೆ ಜೋರಾದಾಗಲೆಲ್ಲ ಚಿತ್ರ ಚೌಕ ಚೌಕವಾಗಿ ಒಡೆದು ನಿಂತುಬಿಡುತ್ತಿತ್ತು. ಗಣಿತದ ಮೇಷ್ಟ್ರು ಲೆಕ್ಕದ ಅರ್ಧದಲ್ಲಿ ಮಾಯ. ಫ್ರೀ ಡಿಶ್ ತರಂಗಗಳ ಆವರ್ತನ 11 ಗಿಗಾಹರ್ಟ್ಜ್ ಆಸುಪಾಸಿನದು, ಅಲೆಯ ಉದ್ದ ಮೂರು ಸೆಂಟಿಮೀಟರಿಗಿಂತ ಕಡಿಮೆ. ಇಷ್ಟು ಸಣ್ಣ ಅಲೆಯನ್ನು ದಪ್ಪ ಮಳೆಹನಿಗಳು ಹೀರುತ್ತವೆ, ಚದುರಿಸುತ್ತವೆ. ಮಾವ ತಮ್ಮ ಶೆಡ್ಡಿನಲ್ಲಿದ್ದ ಹಳೆಯ ಮೂರಡಿ ಡಿಶ್ ತಂದು ಹಾಕಿದರು. ವ್ಯಾಸ ಒಂದೂವರೆ ಪಟ್ಟಾದರೆ ವಿಸ್ತೀರ್ಣ ಎರಡೂಕಾಲು ಪಟ್ಟು, ಹಿಡಿಯುವ ಶಕ್ತಿಯೂ ಅಷ್ಟೇ ಹೆಚ್ಚು. ಧೋ ಎಂದು ಸುರಿಯುವಾಗ ಆಗಲೂ ನಿಲ್ಲುತ್ತಿತ್ತು. ಸಾಧಾರಣ ಮಳೆಗೆ ಪಾಠ ನಿಲ್ಲಲಿಲ್ಲ. ಅಜ್ಜಿಗೆ ಮಾತ್ರ ಬೇಸರ. ಅವರ ಧಾರಾವಾಹಿಯ ಚಾನೆಲ್ ಇದರಲ್ಲಿ ಇರಲಿಲ್ಲ!

ಆಮೇಲೆ ನನಗೊಂದು ಪ್ರಶ್ನೆ ಹತ್ತಿಕೊಂಡಿತು. ಯಾರೂ ತಿಂಗಳಿಗೆ ದುಡ್ಡು ಕೇಳದ ಇಂಥ ವ್ಯವಸ್ಥೆ ಹೇಗೆ ಬಂತು? ಹುಡುಕಿದಾಗ ದಾರಿ ಮೊದಲು ನಮ್ಮ ರಾಜ್ಯದ ಇನ್ನೊಂದು ಮೂಲೆಗೆ ಹೋಯಿತು.

1975ರ ಆಗಸ್ಟ್ 1ರಿಂದ ಒಂದು ವರ್ಷ ಭಾರತದಲ್ಲಿ 'ಸೈಟ್' ಎಂಬ ಪ್ರಯೋಗ ನಡೆಯಿತು. ನಾಸಾದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರ ಟಿವಿ. ಕರ್ನಾಟಕದಲ್ಲಿ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು. ಬೆಳಿಗ್ಗೆ ಶಾಲಾ ಮಕ್ಕಳಿಗೆ ಪಾಠ, ಸಂಜೆ ಊರವರಿಗೆ ಕೃಷಿ, ಆರೋಗ್ಯದ ಕಾರ್ಯಕ್ರಮ. ನಮ್ಮ ತಂಗಿಗೆ ಸಿಕ್ಕಿದ್ದು ಅಲ್ಲಿನ ಮಕ್ಕಳಿಗೆ 45 ವರ್ಷ ಮೊದಲೇ ಸಿಕ್ಕಿತ್ತು!

ಆಗಿನ ಡಿಶ್ ಹತ್ತಡಿ ಅಗಲದ್ದು, ಕೋಳಿಗೂಡಿಗೆ ಹಾಕುವ ತಂತಿಬಲೆಯಿಂದ ಮಾಡಿದ್ದು. ಬಲೆಯ ತೂತಿನಲ್ಲಿ ತರಂಗ ಸೋರುವುದಿಲ್ಲವೇ? ಇಲ್ಲ. ಆ ಪ್ರಸಾರ 860 ಮೆಗಾಹರ್ಟ್ಜ್‌ನಲ್ಲಿತ್ತು, ಅಲೆಯ ಉದ್ದ ಸುಮಾರು 35 ಸೆಂಟಿಮೀಟರ್. ಅಷ್ಟು ಉದ್ದದ ಅಲೆಗೆ ಸಣ್ಣ ತೂತಿನ ಬಲೆಯೂ ಗೋಡೆಯೇ. ಆ ಅಲೆಗೆ ಮಳೆಯ ಕಾಟವೂ ಹೆಚ್ಚು ಇಲ್ಲ. ಅಗ್ಗ, ಹಗುರ, ಹಳ್ಳಿಯಲ್ಲೇ ರಿಪೇರಿ ಮಾಡಬಹುದಾದದ್ದು. ಬಡ ದೇಶದ ಎಂಜಿನಿಯರುಗಳು ಹಣವಿಲ್ಲದ ಕಡೆ ತಲೆ ಓಡಿಸಿದ್ದು ಹೀಗೆ.

ಅದೇ 1975ರ ಏಪ್ರಿಲ್ 19ರಂದು ನಮ್ಮ ಮೊದಲ ಉಪಗ್ರಹ ಆರ್ಯಭಟ ಹಾರಿತು. ಅದರ ತಂಡದ ಮುಂದಾಳು ಉಡುಪಿ ರಾಮಚಂದ್ರ ರಾವ್, ಎಲ್ಲರೂ ಕರೆಯುವ ಯು.ಆರ್. ರಾವ್. ಹುಟ್ಟಿದ್ದು 1932ರಲ್ಲಿ, ಈಗಿನ ಕಾಪು ತಾಲೂಕಿನ ಅದಮಾರಿನಲ್ಲಿ. ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಶುರುವಾದ ಆ ಕೆಲಸ ಮುಂದೆ ಇಸ್ರೋದ ಉಪಗ್ರಹ ಕೇಂದ್ರವಾಯಿತು. ಈಗ ಅದರ ಹೆಸರು ಯು.ಆರ್. ರಾವ್ ಉಪಗ್ರಹ ಕೇಂದ್ರ. 2015ರ ನವೆಂಬರ್‌ನಲ್ಲಿ ಹಾರಿದ ಜಿಸ್ಯಾಟ್-15 ಕೂಡ ಇಸ್ರೋದ್ದೇ. ಅದು ತನ್ನ ಜಾಗ ಬಿಟ್ಟು ಕದಲದಂತೆ ಕಾಯುವುದು ಹಾಸನದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ. ಮಾವ "ಉಪಗ್ರಹ ಎಲ್ಲಿಗೂ ಹೋಗ್ಲಿಲ್ಲ" ಎಂದಾಗ, ಅದು ಎಲ್ಲಿಗೂ ಹೋಗದ ಹಾಗೆ ಹಗಲು ರಾತ್ರಿ ನೋಡಿಕೊಳ್ಳುವವರು ಘಾಟಿಯ ಮೇಲೆಯೇ ಇದ್ದರು.

ಬ್ರಿಟನ್‌ನಲ್ಲಿಯೂ ಇಂಥದ್ದೇ ಕತೆ ಇದೆ. ಅಲ್ಲಿನ ಬಿಬಿಸಿಗೆ ತನ್ನದೇ ಎಂಜಿನಿಯರಿಂಗ್ ಸಂಶೋಧನಾ ವಿಭಾಗವಿದೆ. 1948ರಿಂದ 2010ರವರೆಗೆ ಅದು ಸರ್ರೆಯ ಕಿಂಗ್ಸ್‌ವುಡ್ ವಾರನ್ ಎಂಬ ಹಳೆಯ ಬಂಗಲೆಯಲ್ಲಿತ್ತು. ಟಿವಿ ಪರದೆಯ ಮೇಲೆ ಅಕ್ಷರದಲ್ಲಿ ಸುದ್ದಿ ಓದುವ ಟೆಲಿಟೆಕ್ಸ್ಟ್, ಟಿವಿಗೆ ಡಿಜಿಟಲ್ ಸ್ಟೀರಿಯೊ ಧ್ವನಿ ತಂದ ನಿಕಾಮ್, ಇಂಥವುಗಳ ಹಿಂದೆ ಬಿಬಿಸಿಯ ಎಂಜಿನಿಯರುಗಳ ದುಡಿಮೆಯಿದೆ. 2003ರವರೆಗೆ ಬಿಬಿಸಿಯ ಉಪಗ್ರಹ ಚಾನೆಲ್‌ಗಳಿಗೆ ಗೂಢಲಿಪಿಯ ಬೀಗವಿತ್ತು. ಸಿನಿಮಾ, ಕ್ರೀಡೆಯ ಹಕ್ಕು ಬ್ರಿಟನ್‌ಗೆ ಮಾತ್ರ. ಉಪಗ್ರಹದ ಕಿರಣವೋ ಯುರೋಪಿನ ಮೇಲೆಲ್ಲ ಬೀಳುತ್ತದೆ. ಆಸ್ಟ್ರಾ 2ಡಿ ಉಪಗ್ರಹದ ಕಿರಣ ಹೆಚ್ಚಾಗಿ ಬ್ರಿಟನ್, ಐರ್ಲೆಂಡ್‌ಗಳ ಮೇಲಷ್ಟೇ ಬೀಳುವಂಥದ್ದು. ಬಿಬಿಸಿ ಅದಕ್ಕೆ ಬದಲಾಯಿತು, ಬೀಗ ತೆಗೆಯಿತು. 2008ರಲ್ಲಿ ಬಿಬಿಸಿ, ಐಟಿವಿ ಸೇರಿ ತಿಂಗಳ ಚಂದಾ ಇಲ್ಲದ 'ಫ್ರೀಸ್ಯಾಟ್' ಆರಂಭಿಸಿದವು. ಹಕ್ಕು, ಹಣದ ಗಂಟನ್ನು ಅಲ್ಲಿ ಬಿಡಿಸಿದ್ದು ಕಿರಣದ ಆಕಾರ.

ಉಚಿತ ಅಂದರೆ ಖರ್ಚಿಲ್ಲ ಎಂದಲ್ಲ ಎಂಬುದೂ ಆಗ ತಿಳಿಯಿತು. ಬ್ರಿಟನ್‌ನವರು ಟಿವಿ ಲೈಸೆನ್ಸ್ ಶುಲ್ಕ ಕಟ್ಟುತ್ತಾರೆ. ನಮ್ಮಲ್ಲಿ ಸರಕಾರದ ಹಣವಿದೆ, ಫ್ರೀ ಡಿಶ್‌ನಲ್ಲಿ ಜಾಗ ಬೇಕಾದ ಖಾಸಗಿ ಚಾನೆಲ್‌ಗಳು ಹರಾಜಿನಲ್ಲಿ ಕೊಡುವ ಹಣವಿದೆ. ಎಲ್ಲರೂ ಸೇರಿ ಮೊದಲೇ ಕೊಟ್ಟಿರುತ್ತಾರೆ. ಅದಕ್ಕೇ ಅಪ್ಪನ ಬಸ್ಸು ನಿಂತ ತಿಂಗಳಿನಲ್ಲೂ ನಮ್ಮ ಅಂಗಳಕ್ಕೆ ಪಾಠ ಬಂತು.

ಡಿಶ್‌ನಿಂದಲೇ ತಂಗಿ ಪಾಸಾದಳು ಎಂದು ಹೇಳಿದರೆ ಸುಳ್ಳಾದೀತು. 2021ರ ಎಸ್ಸೆಸ್ಸೆಲ್ಸಿ ಪರೀಕ್ಷೆ ಎರಡೇ ದಿನ ನಡೆಯಿತು, ಬಹುತೇಕ ಎಲ್ಲರೂ ಪಾಸಾದರು. ಆದರೆ ಅವಳು ಓದು ಬಿಡಲಿಲ್ಲ. ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡಳು. ಆ ವರ್ಷ ಬರೆದ ನಾಲ್ಕು ನೋಟ್ ಪುಸ್ತಕಗಳನ್ನು ಈಗಲೂ ಇಟ್ಟುಕೊಂಡಿದ್ದಾಳೆ. ಕೆಲವು ಪುಟಗಳ ಮಧ್ಯೆ 'ಮಳೆ' ಎಂದಷ್ಟೇ ಬರೆದು ಜಾಗ ಬಿಟ್ಟಿದ್ದಾಳೆ.

ನಾನು ಡಿಪ್ಲೊಮಾ ಮುಗಿಸಿದೆ. ಕೆಲಸ ಹುಡುಕುತ್ತಾ ಹಲವು ಸಂದರ್ಶನಗಳಿಗೆ ಹೋದೆ. ಒಂದು ಕಡೆ "ಕೈಯಾರೆ ಏನಾದರೂ ಮಾಡಿದ್ದೀರಾ?" ಎಂದು ಕೇಳಿದರು. ಪ್ರಾಜೆಕ್ಟ್ ಹೆಸರು ಹೇಳುವ ಬದಲು ಓರೆ ಕಂಬದ ಕತೆ ಹೇಳಿದೆ. ಹತ್ತು ನಿಮಿಷ ಅದರ ಮೇಲೆಯೇ ಪ್ರಶ್ನೆ ಕೇಳಿದರು. ಆ ಕೆಲಸ ನನಗೆ ಸಿಗಲಿಲ್ಲ. ಆದರೆ ಗೊತ್ತಿರುವುದನ್ನು ತಡವರಿಸದೆ ಹೇಳಿ ಎದ್ದು ಬಂದದ್ದು ಅದೇ ಮೊದಲು.

ನನ್ನ ಹಾಗೆ ಹುಡುಕುತ್ತಿರುವವರಿಗೆ ಒಂದು ಮಾತು. ಇಸ್ರೋ ಎಂದರೆ ವಿಜ್ಞಾನಿಗಳಿಗೆ ಮಾತ್ರ ಎಂದು ನಾನು ತಿಳಿದಿದ್ದೆ. ಅಲ್ಲಿ ಡಿಪ್ಲೊಮಾದವರಿಗೆ ಟೆಕ್ನಿಕಲ್ ಅಸಿಸ್ಟೆಂಟ್, ಐಟಿಐ ಮಾಡಿದವರಿಗೆ ಟೆಕ್ನೀಷಿಯನ್ ಹುದ್ದೆಗಳೂ ಇವೆ. ಅರ್ಜಿ ಕರೆದಾಗ ಗಮನಿಸಿ. ನಾನು ತಯಾರಿ ಮಾಡುತ್ತಿದ್ದೇನೆ. ರಜೆಯ ದಿನ ಮಾವನ ಜೊತೆ ಕೆಲಸಕ್ಕೂ ಹೋಗುತ್ತೇನೆ. ಕಳೆದ ವಾರ ಬೊಮ್ಮರಬೆಟ್ಟಿನ ಒಂದು ಮನೆಯಲ್ಲಿ ಡಿಶ್ ಕೂರಿಸುವಾಗ ಮಾವ ಪೈಪಿನ ಹತ್ತಿರವೂ ಬರಲಿಲ್ಲ. ಜಗಲಿಯಲ್ಲಿ ಕೂತು ಚಾ ಕುಡಿಯುತ್ತಾ ಹೇಳಿದರು, "ನೀನೇ ನೋಡು ಮಾರಾಯ. ಮೊದಲು ಕಂಬ."