ಬೆರಳು ಬೆಳ್ಳಗಾದರೆ: ಹೆಂಗಸರಿಗೊಂದು ಬಗೆ, ಗಂಡಸರಿಗೊಂದು ಬಗೆ

ಗುಂಡ್ಲುಪೇಟೆ ಕಡೆಯ ಹಳ್ಳಿಯಿಂದ ಬಂದಿದ್ದ ಆಕೆಗೆ ಮೂವತ್ತೆಂಟು ವರ್ಷ. ಆಷಾಢದ ಜಿಟಿಜಿಟಿ ಮಳೆಯಲ್ಲಿ ಚೆಂಡುಹೂ ಬಿಡಿಸಲು ಹೊಲಕ್ಕಿಳಿದರೆ ಬೆರಳುಗಳು ಸುಣ್ಣ ಬಳಿದಂತೆ ಬೆಳ್ಳಗಾಗುತ್ತಿದ್ದವು. ಆಮೇಲೆ ನೀಲಿ, ಒಲೆಯ ಮುಂದೆ ಕುಳಿತರೆ ಕೆಂಪು. ಮೂರು ವರ್ಷದಿಂದ ಹೀಗೆ. ತೋರಿಸಿದ ಕಡೆಯೆಲ್ಲ ‘ರಕ್ತ ಕಡಿಮೆ’ ಎಂದು ಕಬ್ಬಿಣದ ಮಾತ್ರೆ ಕೊಟ್ಟಿದ್ದರು. “ಈಚೀಚೆಗೆ ಮುದ್ದೆ ಎದೇಲೇ ನಿಂತ್ಕತದೆ ಸಾರ್, ನೀರು ಕುಡುದ್ರೇ ಇಳಿಯೋದು” ಎಂದರು. ಕೈ ಮುಗಿಯಿರಮ್ಮ ಎಂದೆ. ಅಂಗೈಗಳು ಒಂದಕ್ಕೊಂದು ಕೂಡಲಿಲ್ಲ; ನಡುವೆ ಸಂದು ಉಳಿಯಿತು.

ಈ ಕಾಯಿಲೆಯ ಹೆಸರು ಸಿಸ್ಟಮಿಕ್ ಸ್ಕ್ಲೆರೋಸಿಸ್. ಸ್ಕ್ಲೆರೋಡರ್ಮಾ ಎಂದೂ ಕರೆಯುತ್ತಾರೆ, ಎಂದರೆ ಗಟ್ಟಿ ಚರ್ಮ. ನಮ್ಮನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ನಮ್ಮ ಮೇಲೆ ತಿರುಗಿಬೀಳುವುದರಿಂದ ಬರುವಂಥದು. ಸಣ್ಣ ರಕ್ತನಾಳಗಳು ಕಿರಿದಾಗುತ್ತವೆ, ಚರ್ಮದಲ್ಲೂ ಒಳ ಅಂಗಗಳಲ್ಲೂ ನಾರಿನಂಥ ಅಂಗಾಂಶ ಬೆಳೆಯುತ್ತದೆ. ಅನ್ನನಾಳ ಸೋತರೆ ನುಂಗುವುದು ಕಷ್ಟ, ಶ್ವಾಸಕೋಶ ಗಟ್ಟಿಯಾದರೆ ಉಬ್ಬಸ. ಇದು ಅಂಟುರೋಗವಲ್ಲ. ಕುಷ್ಠವೂ ಅಲ್ಲ, ಕುಷ್ಠದಲ್ಲಿ ಚರ್ಮಕ್ಕೆ ಸ್ಪರ್ಶ ತಿಳಿಯುವುದಿಲ್ಲ, ಇಲ್ಲಿ ತಿಳಿಯುತ್ತದೆ. ಆದರೂ ಆಕೆಯ ತಟ್ಟೆ ಲೋಟವನ್ನು ಮನೆಯವರು ಬೇರೆ ಇಟ್ಟಿದ್ದರು.

ಇದು ಅಪರೂಪದ ರೋಗ. ಬರುವವರಲ್ಲಿ ಹೆಂಗಸರೇ ಬಹಳ, ಗಂಡಸರ ಕೆಲವು ಪಟ್ಟು. ಹೆಚ್ಚಾಗಿ ಮೂವತ್ತರಿಂದ ಐವತ್ತರ ನಡುವೆ ಶುರು. ಹೆಂಗಸರಿಗೇ ಏಕೆ ಹೆಚ್ಚು? ಹಾರ್ಮೋನುಗಳು, ಎರಡು ಎಕ್ಸ್ ವರ್ಣತಂತುಗಳು ಎಂದು ಹಲವು ವಿವರಣೆಗಳಿವೆ. 1998ರಲ್ಲಿ ವಿಜ್ಞಾನಿಗಳು ಒಂದು ಕುತೂಹಲದ ಸಂಗತಿ ಪ್ರಕಟಿಸಿದರು: ಹೆರಿಗೆಯಾಗಿ ಎಷ್ಟೋ ವರ್ಷಗಳ ಮೇಲೂ ಮಗುವಿನ ಕೆಲವು ಜೀವಕೋಶಗಳು ತಾಯಿಯ ದೇಹದಲ್ಲಿ ಉಳಿದಿರುತ್ತವೆ, ಈ ರೋಗವುಳ್ಳ ಹೆಂಗಸರಲ್ಲಿ ಅವು ಹೆಚ್ಚು. ಆದರೆ ಬಸಿರೇ ಆಗದವರಿಗೂ ರೋಗ ಬರುತ್ತದೆ, ಗಂಡಸರಿಗೂ ಬರುತ್ತದೆ. ಆದ್ದರಿಂದ ಅದೊಂದೇ ಕಾರಣವಾಗಲಾರದು.

‘ಹೆಂಗಸರ ಕಾಯಿಲೆ’ ಎಂಬ ಮಾತೇ ಗಂಡಸರಿಗೆ ಮುಳುವಾಗುತ್ತದೆ. ಈ ತಪ್ಪು ನನ್ನಿಂದಲೇ ಆಗಿದೆ. ಚಾಮರಾಜನಗರದ ಹತ್ತಿರ ಜಲ್ಲಿ ಕ್ರಷರಿನಲ್ಲಿ ಹದಿನೈದು ವರ್ಷ ದುಡಿದವರೊಬ್ಬರು ತೋರುಬೆರಳ ತುದಿ ಕಪ್ಪಾಗಿದೆಯೆಂದು ಬಂದರು. ಶರ್ಟಿನ ಜೇಬಿನಲ್ಲಿ ಬೀಡಿ ಕಟ್ಟು ಕಂಡಿತು. ಬೀಡಿಯಿಂದ ರಕ್ತನಾಳ ಕಟ್ಟುವ ಬರ್ಗರ್ ಕಾಯಿಲೆ ಎಂದೇ ತೀರ್ಮಾನಿಸಿ “ಬೀಡಿ ಬಿಡಪ್ಪ” ಎಂದು ಮಾತ್ರೆ ಬರೆದೆ. ತೋಳಿನ ಚರ್ಮವನ್ನು ಚಿವುಟಿ ನೋಡಲಿಲ್ಲ. ಎಂಟು ತಿಂಗಳ ಮೇಲೆ ಬಂದಾಗ ನಾಲ್ಕು ಮೆಟ್ಟಿಲಿಗೆ ಏದುಸಿರು. ಚರ್ಮ ಮೊಣಕೈ ದಾಟಿ ಎದೆಯವರೆಗೆ ಬಿಗಿದಿತ್ತು. ಮೈಸೂರಿಗೆ ಕಳಿಸಿ ಸ್ಕ್ಯಾನ್ ಮಾಡಿಸಿದರೆ ಎರಡೂ ಶ್ವಾಸಕೋಶಗಳ ತಳಭಾಗ ಗಟ್ಟಿಯಾಗಿತ್ತು. ಆ ಎಂಟು ತಿಂಗಳು ನನ್ನ ಲೆಕ್ಕಕ್ಕೇ ಸೇರಬೇಕು.

ಹೆಂಗಸರಲ್ಲಿ ರೋಗ ಸಾಮಾನ್ಯವಾಗಿ ನಿಧಾನ. ಬೆರಳು, ಮುಂಗೈ, ಮುಖಕ್ಕೆ ಸೀಮಿತವಾಗಿ ವರ್ಷಗಟ್ಟಲೆ ಇರಬಹುದು. ಹಾಗೆಂದು ನಿಶ್ಚಿಂತೆ ಬೇಡ, ಹತ್ತು ಹದಿನೈದು ವರ್ಷದ ಮೇಲೆ ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಏರಬಹುದು. ಗಂಡಸರಲ್ಲಿ ಅದು ಮೈತುಂಬ ಹರಡುವ ಬಗೆಯಾಗಿರುವುದು ಹೆಚ್ಚು. ಬೆರಳ ಹುಣ್ಣು, ಶ್ವಾಸಕೋಶ ಮತ್ತು ಹೃದಯದ ತೊಂದರೆ ಹೆಚ್ಚು, ಸಾವೂ ಬೇಗ.

ಕಲ್ಲಿನ ದೂಳಿಗೂ ಇದಕ್ಕೂ ನಂಟಿದೆ. 1914ರಲ್ಲೇ ಎಡಿನ್‌ಬರೋದ ಬ್ರಾಮ್‌ವೆಲ್ ಎಂಬ ವೈದ್ಯರು ಕಲ್ಲುಕುಟಿಗರಲ್ಲಿ ಈ ರೋಗವನ್ನು ಗುರುತಿಸಿದ್ದರು. 1957ರಲ್ಲಿ ಎರಾಸ್ಮಸ್ ಎಂಬವರು ದಕ್ಷಿಣ ಆಫ್ರಿಕದ ಚಿನ್ನದ ಗಣಿ ಕಾರ್ಮಿಕರಲ್ಲಿ ಕಂಡರು. ದೋಷಿ ಸಿಲಿಕಾ ದೂಳು. ನಮ್ಮ ಜಿಲ್ಲೆಯ ಹೆಸರಾಂತ ಕರಿಕಲ್ಲಿನಲ್ಲಿ ಬಿಡಿ ಸಿಲಿಕಾ ಕಡಿಮೆ. ಜಲ್ಲಿಗೆ ಒಡೆಯುವ ಬಿಳಿಕಲ್ಲಿನಲ್ಲಿ ಹೆಚ್ಚು. ಮೂಗಿಗೆ ಕಟ್ಟಿದ ಟವೆಲ್ಲು ಈ ನುಣ್ಣನೆಯ ದೂಳನ್ನು ತಡೆಯುವುದಿಲ್ಲ. ಕಲ್ಲಿಗೆ ನೀರು ಹಾಯಿಸಿ ಕೊರೆಯಬೇಕು, ಒಡೆಯಬೇಕು. ದೂಳು ತಡೆಯುವ ಮಾಸ್ಕನ್ನು ಮಾಲೀಕರು ಕೊಡಬೇಕು.

ನಿಮ್ಮ ಬೆರಳು ಚಳಿಗೆ ಬೆಳ್ಳಗಾಯಿತೆಂದು ಗಾಬರಿಯಾಗಬೇಡಿ. ಹರೆಯದ ಹೆಣ್ಣುಮಕ್ಕಳಲ್ಲಿ ಅದು ಸಾಮಾನ್ಯ, ಬಹುಪಾಲು ನಿರಪಾಯ. ಮೂವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದರೆ, ಬೆರಳು ಊದಿ ಉಂಗುರ ಬಿಗಿಯಾದರೆ, ಬೆರಳ ತುದಿ ಹುಣ್ಣಾದರೆ ತಡಮಾಡಬೇಡಿ. ಗಂಡಸರಾದರಂತೂ ಇನ್ನೂ ಬೇಗ. ಮನೆಯಲ್ಲೇ ಎರಡು ನೋಡಬಹುದು: ಕೈ ಮುಗಿದರೆ ಅಂಗೈ ಕೂಡುತ್ತದೆಯೇ, ನಿಮ್ಮದೇ ಮೂರು ಬೆರಳು ಒಂದರ ಮೇಲೊಂದಾಗಿ ಬಾಯೊಳಗೆ ಹಿಡಿಸುತ್ತವೆಯೇ. ರಕ್ತದಲ್ಲಿ ಎ.ಎನ್.ಎ. ಪರೀಕ್ಷೆ, ಶ್ವಾಸಕೋಶದ ಸ್ಕ್ಯಾನ್, ಹೃದಯದ ಎಕೋ ಆಮೇಲಿನ ಮಾತು. ಚಾಮರಾಜನಗರದಲ್ಲಿ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಮೆಡಿಸಿನ್ ವಿಭಾಗದಲ್ಲಿ ತೋರಿಸಿ.

ರೋಗವನ್ನು ಬುಡಸಮೇತ ಕೀಳುವ ಮದ್ದಿಲ್ಲ, ತಡೆದು ನಿಲ್ಲಿಸುವವು ಇವೆ. ಬೆರಳಿಗೆ ರಕ್ತ ಹರಿಸುವ ನಿಫೆಡಿಪಿನ್ ಹಳೆಯ, ಅಗ್ಗದ ಮಾತ್ರೆ. ಶ್ವಾಸಕೋಶಕ್ಕೆ ಮೈಕೊಫೆನೊಲೇಟ್‌ನಂಥವಿವೆ. ಬೀಡಿ ಸಿಗರೇಟು ಪೂರ್ತಿ ಬಿಡಬೇಕು. ಒಂದು ಎಚ್ಚರಿಕೆ: ಕೀಲುನೋವಿಗೆಂದು ಮೆಡಿಕಲ್ ಸ್ಟೋರಿನಿಂದ ನೀವೇ ಸ್ಟೀರಾಯ್ಡ್ ಮಾತ್ರೆ ತಂದು ನುಂಗಬೇಡಿ. ಈ ರೋಗದಲ್ಲಿ, ಅದರಲ್ಲೂ ಮೈತುಂಬ ಹರಡುವ ಬಗೆಯ ಮೊದಲ ನಾಲ್ಕೈದು ವರ್ಷ, ಅದು ಬಿ.ಪಿ.ಯನ್ನು ದಿಢೀರನೆ ಏರಿಸಿ ಮೂತ್ರಪಿಂಡವನ್ನೇ ಕೆಡಿಸಬಹುದು. ಬಿ.ಪಿ.ಯನ್ನು ಆಗಾಗ ನೋಡಿಸುತ್ತಿರಿ. ತಲೆನೋವು, ಕಣ್ಣು ಮಂಜು ಬಂದರೆ ಅಂದೇ ಬನ್ನಿ.

ಹೂವಿನ ಹೊಲದ ಆಕೆ ಈಗ ಉಣ್ಣೆಯ ಗವಸಿನ ಮೇಲೆ ರಬ್ಬರ್ ಗವಸು ಹಾಕಿಕೊಂಡು ಕೆಲಸಕ್ಕೆ ಹೋಗುತ್ತಾರೆ. ತಟ್ಟೆ ಮತ್ತೆ ಎಲ್ಲರ ಜೊತೆ ಸೇರಿದೆ. ಕ್ರಷರಿನವರು ಕೆಲಸ ಬಿಟ್ಟಿದ್ದಾರೆ, ಶ್ವಾಸಕೋಶ ಇದ್ದ ಮಟ್ಟದಲ್ಲೇ ನಿಂತಿದೆ. ಕಳೆದ ಸಲ ಬಂದಾಗ ಹಳೆಯ ಜೊತೆಗಾರರಿಬ್ಬರನ್ನು ಕರೆತಂದಿದ್ದರು. ಒಬ್ಬರದು ಬರೀ ಚಳಿಗೆ ಒಡೆದ ಚರ್ಮ. ಇನ್ನೊಬ್ಬರನ್ನು ಎಕ್ಸ್‌ರೇಗೆ ಕಳಿಸಿದ್ದೇನೆ.