ಸಮುದ್ರದ ನಕ್ಷೆಯಲ್ಲಿ ಕೆಂಪು ಅಂದ್ರೆ ಬಿಸಿ ಅಂತಲ್ಲ

ಅರ್ತ್ ನಲ್‌ಸ್ಕೂಲ್ ನಕ್ಷೆಯಲ್ಲಿ ಎಸ್‌ಎಸ್‌ಟಿಎ ಒತ್ತಿದ್ರೆ ಸಮುದ್ರ ಅಲ್ಲಲ್ಲಿ ಕೆಂಪಗೆ ಕಾಣುತ್ತೆ. ಕೊನೆಯ 'ಎ' ಗಮನಿಸಿ: ಅನಾಮಲಿ. ಇವತ್ತಿನ ನೀರಿನ ಉಷ್ಣಾಂಶದಿಂದ, ಅದೇ ಜಾಗದ, ವರ್ಷದ ಅದೇ ಸಮಯದ ಹಲವು ವರ್ಷಗಳ ಸರಾಸರಿಯನ್ನು ಕಳೆದರೆ ಉಳಿಯುವ ವ್ಯತ್ಯಾಸ ಅದು.

ಉದಾಹರಣೆಗೆ, ಅರಬ್ಬಿ ಸಮುದ್ರ 29 ಡಿಗ್ರಿ, ಸರಾಸರಿಯೂ 29 ಅಂದ್ಕೊಳ್ಳಿ. ವ್ಯತ್ಯಾಸ ಸೊನ್ನೆ, ಕೆಂಪಿಲ್ಲ. ಪೆರು ಕರಾವಳಿ 23, ಸರಾಸರಿ 20 ಆದ್ರೆ +3, ಎದ್ದು ಕಾಣುವ ಬಣ್ಣ. ತಣ್ಣಗಿರೋ ನೀರಿಗೇ ಹೆಚ್ಚು ಬಣ್ಣ!

ಕೆಂಪು ಎಲ್ಲಿದೆ ಅನ್ನೋದೂ ಮುಖ್ಯ. ಮಧ್ಯ ಪೆಸಿಫಿಕ್‌ನಲ್ಲಿ, ಸಮಭಾಜಕ ವೃತ್ತದ ಮೇಲಿರೋ ನಿನೊ 3.4 ಪಟ್ಟಿ ತಿಂಗಳುಗಟ್ಟಲೆ +0.5 ದಾಟಿದ್ರೆ ಎಲ್ ನಿನೊ. ಆಗ ನಮ್ಮ ಮುಂಗಾರು ಸೊರಗುವ ಸಂಭವ ಹೆಚ್ಚು. 2023ರ ಎಲ್ ನಿನೊ ವರ್ಷದಲ್ಲಿ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ. ಆದ್ರೆ 1997ರಲ್ಲಿ ಇನ್ನೂ ಜೋರಾದ ಎಲ್ ನಿನೊ ಇದ್ರೂ ದೇಶದ ಒಟ್ಟು ಮಳೆ ವಾಡಿಕೆಯಷ್ಟು ಬಂತು. ಹಿಂದೂ ಮಹಾಸಾಗರದ್ದೂ ಪಾಲಿರುತ್ತೆ. ಅದಕ್ಕೇ ನಮ್ಮ ಪುಣೆಯ ಐಐಟಿಎಂನವರ ಮುಂಗಾರು ಮಾದರಿ ಗಾಳಿ, ಸಮುದ್ರ ಎರಡನ್ನೂ ಸೇರಿಸಿ ಲೆಕ್ಕ ಹಾಕುತ್ತೆ.

ಹಾಗಾಗಿ ಊರಿಂದ ಅಪ್ಪ "ಬಿತ್ಲಾ, ಬೇಡ್ವಾ?" ಅಂತ ಕೇಳಿದ್ರೆ ಬಣ್ಣ ನೋಡಿ ಉತ್ತರಿಸಬೇಡಿ. ಮಂಗಳವಾರ, ಶುಕ್ರವಾರ ಬರೋ ಜಿಲ್ಲಾ ಕೃಷಿ ಹವಾಮಾನ ವರದಿ ನೋಡಿ ಹೇಳಿ.