ಉಳಿದರ್ಧ ಬೆಲೆಯನ್ನು ತೆತ್ತವರಾರು?

ಪೇಟೆಯಲ್ಲಿ ವಸ್ತುವನ್ನು ಕೊಳ್ಳುವುದಕ್ಕೂ ಸೇವೆಯನ್ನು ಕೊಳ್ಳುವುದಕ್ಕೂ ಮೂಲಭೂತವಾದ ಒಂದು ವ್ಯತ್ಯಾಸವುಂಟು. ಸೀರೆಯನ್ನು ಕೊಳ್ಳುವ ತಾಯಂದಿರು ಸೆರಗನ್ನು ಬಿಡಿಸಿ ಬೆಳಕಿಗೆ ಹಿಡಿದು ನೋಡುತ್ತಾರೆ. ಜೋಳ ಕೊಳ್ಳಲು ಹೋದವರು ಎರಡು ಕಾಳನ್ನು ಬಾಯಿಗೆ ಹಾಕಿಕೊಂಡು ಕಡಿದು ನೋಡುತ್ತಾರೆ. ಆದರೆ ಊಟ, ಚಿಕಿತ್ಸೆ, ಪಾಠ, ಪ್ರಯಾಣ ಮುಂತಾದವುಗಳ ಗುಣವು ಅವು ಮುಗಿದ ಮೇಲಲ್ಲದೆ ತಿಳಿಯುವಂಥದಲ್ಲ. ಚಿಕಿತ್ಸೆಯ ವಿಷಯದಲ್ಲಂತೂ ಮುಗಿದ ಮೇಲೂ ತಿಳಿಯುವುದಿಲ್ಲ. ಆದುದರಿಂದ ಇಂಥಲ್ಲಿ ಗಿರಾಕಿಯು ಕೊಳ್ಳುವುದು ಮೊದಲು ಮನುಷ್ಯನ ಮಾತನ್ನು, ಅನಂತರ ಸೇವೆಯನ್ನು. ಬೆಲೆಯೆಂಬುದು ಆ ಮಾತಿನ ಒಂದು ಭಾಗವೇ ಆಗಿದೆ. ಇಂದು ನೂರು ರೂಪಾಯಿ ಎಂದವನು ನಾಳೆ ಐವತ್ತು ಎಂದರೆ, ಎರಡರಲ್ಲಿ ಯಾವ ಮಾತು ನಿಜವೆಂಬ ಪ್ರಶ್ನೆ ಏಳದಿರುವುದೇ?

ಈ ಪ್ರಶ್ನೆಯು ನನ್ನೊಳಗೆ ಎದ್ದುದು ಗ್ರಂಥಗಳ ನಡುವೆ ಅಲ್ಲ, ಧಾರವಾಡದ ಒಂದು ಖಾನಾವಳಿಯಲ್ಲಿ. ಮಠದ ಪ್ರಸಾದನಿಲಯದಲ್ಲಿ ಓದು ಮುಗಿಸಿ ಅಧ್ಯಾಪಕನಾಗಿ ಆ ಊರಿಗೆ ಬಂದಂದಿನಿಂದ ಅನೇಕ ವರ್ಷ ಅಲ್ಲಿಯೇ ಉಂಡವನು ನಾನು. ಗಂಡನನ್ನು ಕಳೆದುಕೊಂಡ ಅಕ್ಕನವರೊಬ್ಬರು ಎರಡು ಒಲೆ, ಒಂದು ಕೊಣಮಿಗೆ ಹಾಗೂ ನಾಲ್ಕು ಮಣೆಗಳೊಂದಿಗೆ ಆರಂಭಿಸಿದ ಮನೆಯದು. ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಕಾಳಿನ ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು, ಕೊನೆಯಲ್ಲಿ ಅನ್ನ-ಸಾರು. ವಿದ್ಯಾರ್ಥಿಗಳು, ಕೋರ್ಟಿನ ಗುಮಾಸ್ತರು, ಹಳ್ಳಿಯಿಂದ ಕಚೇರಿ ಕೆಲಸಕ್ಕೆ ಬಂದವರು ಅಲ್ಲಿನ ಕಾಯಂ ಗಿರಾಕಿಗಳು. ತಿಂಗಳಿಗೊಮ್ಮೆ ಮುಂಗಡ ಹಣ ಕೊಟ್ಟವರಿಗೆ ಮೂವತ್ತು ಚೀಟಿಗಳ ಕೂಪನ್ ಪುಸ್ತಕ. 2018ರಲ್ಲಿ ಬಿಡಿ ಊಟಕ್ಕೆ 80 ರೂ., ಕೂಪನ್ನಿನವರಿಗೆ 70 ರೂ. ಈ ಹತ್ತು ರೂಪಾಯಿಯ ರಿಯಾಯಿತಿಯ ಬಗೆಗೆ ಯಾರಿಗೂ ಎಂದೂ ಸಂಶಯ ಬಂದುದಿಲ್ಲ. ಮುಂಗಡ ಬಂದ ಹಣದಿಂದ ಅಕ್ಕನವರು ಸುಗ್ಗಿಯ ಕಾಲಕ್ಕೆ ಜೋಳವನ್ನು ಚೀಲಗಟ್ಟಲೆ ಕೊಂಡಿಡುತ್ತಿದ್ದರು. ಅದರಲ್ಲಿ ಉಳಿದ ಲಾಭದ ಒಂದು ಪಾಲು ಗಿರಾಕಿಗೆ ಮರಳುತ್ತಿತ್ತು. ಇದು ಉಣ್ಣುವವರಿಗೂ ಗೊತ್ತಿತ್ತು.

ಆ ವರ್ಷ ಅಕ್ಕನವರ ಮಗ, ಓದಿದ ಹುಡುಗ, ಮೊಬೈಲಿನ ಮೂಲಕ ಊಟ ತಲುಪಿಸುವ ಕಂಪನಿಯೊಂದರಲ್ಲಿ ಖಾನಾವಳಿಯ ಹೆಸರನ್ನು ನೋಂದಾಯಿಸಿದನು. ಹೊಸ ಗಿರಾಕಿಗಳನ್ನು ಸೆಳೆಯಲು ಅರ್ಧ ಬೆಲೆಯ ಯೋಜನೆ. ಎಂಬತ್ತರ ಊಟ ನಲವತ್ತಕ್ಕೆ! ಮೊದಲ ತಿಂಗಳು ರಿಯಾಯಿತಿಯ ಒಂದು ಪಾಲನ್ನು ಕಂಪನಿಯೇ ಹೊತ್ತಿತು. ಎರಡನೆಯ ತಿಂಗಳಿನಿಂದ ಪೂರ್ತಿ ಭಾರ ಖಾನಾವಳಿಯ ಮೇಲೆ ಬಿದ್ದಿತು. ಕಮಿಷನ್ ಕಳೆದು ಕೈಗೆ ಬರುತ್ತಿದ್ದುದು ಮೂವತ್ತರ ಆಸುಪಾಸು. ಜೋಳ, ಎಣ್ಣೆ, ಗ್ಯಾಸು, ರೊಟ್ಟಿ ಬಡಿಯುವ ಹೆಣ್ಣುಮಕ್ಕಳ ಕೂಲಿ ಸೇರಿ ತಗಲುತ್ತಿದ್ದುದು ಐವತ್ತೈದು. ದಿನಕ್ಕೆ ನೂರು ಪಾರ್ಸಲ್ ಹೋದರೆ ನೂರು ಸಲ ನಷ್ಟ. ಬಾಗಿಲಲ್ಲಿ ಮೋಟಾರ್ ಸೈಕಲ್ಲುಗಳ ಸಾಲು ಮಾತ್ರ ಬೆಳೆಯಿತು.

ಒಂದು ಮಧ್ಯಾಹ್ನ ನಾನು ಉಣ್ಣುತ್ತಿರುವಾಗಲೇ ನಿವೃತ್ತ ಗುಮಾಸ್ತರೊಬ್ಬರು ಗಲ್ಲಾದ ಮುಂದೆ ನಿಂತು ಕೇಳಿದರು: "ಅಕ್ಕಾರ, ಹೊರಗಿನ ಮಂದಿಗೆ ನಲವತ್ತಕ್ಕ ಕೊಡಾಕ ಬರ್ತದ ಅಂದ್ರ, ಇಷ್ಟು ವರ್ಷ ನಮ್ಮ ಕಡೆ ಎಪ್ಪತ್ತು ಯಾಕ ತಗೊಂಡ್ರಿ?"

"ಅದು ನಂದಲ್ರೀ ಸಾಹೇಬ್ರ, ಕಂಪನ್ಯಾವ್ರು ಕೊಡೂದು," ಎಂದರು ಅಕ್ಕನವರು.

ಮೊದಲ ತಿಂಗಳಾಗಿದ್ದರೆ ಆ ಉತ್ತರದಲ್ಲಿ ಅಷ್ಟಿಷ್ಟು ನಿಜವಿರುತ್ತಿತ್ತು. ಅವರು ಹೋದ ಮೇಲೆ ಅಕ್ಕನವರು ನನ್ನತ್ತ ತಿರುಗಿ, "ಸುಳ್ಳು ಹೇಳಿದಂಗಾತ್ರೀ ಸರ," ಎಂದು ಸೆರಗಿನಿಂದ ಮುಖ ಒರೆಸಿಕೊಂಡರು. ಇಪ್ಪತ್ತು ವರ್ಷ ಉಂಡವರು ದುಬಾರಿ ತೆತ್ತರು, ನಿನ್ನೆ ಹೆಸರು ಕೇಳಿದವರು ಅಗ್ಗಕ್ಕೆ ಪಡೆದರು. ವಿಶ್ವಾಸವಿಟ್ಟವನಿಗೇ ದಂಡ ಹಾಕಿದಂತಾಯಿತಲ್ಲವೇ ಇದು?

ಮತ್ತೊಂದು ಸಂಗತಿಯನ್ನೂ ಮರೆಮಾಚಲಾರೆ. ಆ ದಿನಗಳಲ್ಲಿ ರೊಟ್ಟಿ ತೆಳುವಾಗಿತ್ತು. ಎಣ್ಣೆಗಾಯಿಯಲ್ಲಿ ಶೇಂಗಾ ಪುಡಿ ಕಡಿಮೆಯಾಗಿತ್ತು. ಪಾರ್ಸಲ್ಲಿಗೂ ಪಂಕ್ತಿಗೂ ಒಂದೇ ಅಡುಗೆಯಾದುದರಿಂದ, ಅಗ್ಗದ ಊಟದ ನಷ್ಟವನ್ನು ಪೂರ್ಣ ಬೆಲೆ ತೆತ್ತವರೂ ಉಣ್ಣಬೇಕಾಯಿತು. ಅಥವಾ ಅದು ನನ್ನ ಮನಸ್ಸಿನ ಭ್ರಮೆಯೇ ಆಗಿತ್ತೋ?

ಹೀಗೆ ಕೇಳಲು ಕಾರಣವುಂಟು. ಬೆಲೆಯ ಇಳಿತವು ಅನುಭವವನ್ನೇ ಇಳಿಸಬಲ್ಲುದೆಂಬುದಕ್ಕೆ ಅಮೆರಿಕದಲ್ಲಿ ನಡೆದು 2008ರಲ್ಲಿ ಪ್ರಕಟವಾದ ಪ್ರಯೋಗವೊಂದು ಸಾಕ್ಷಿಯಾಗಿದೆ. 82 ಮಂದಿ ಆರೋಗ್ಯವಂತರಿಗೆ ಲಘುವಾದ ವಿದ್ಯುದಾಘಾತ ನೀಡಿ, ನೋವು ಶಮನದ ಹೊಸ ಔಷಧವೆಂದು ಹೇಳಿ ಒಂದು ಗುಳಿಗೆಯನ್ನು ಕೊಟ್ಟರು. ವಾಸ್ತವದಲ್ಲಿ ಅದರಲ್ಲಿ ಔಷಧವೇ ಇರಲಿಲ್ಲ. ಅದರ ಬೆಲೆ ಎರಡೂವರೆ ಡಾಲರ್ ಎಂದು ಅರ್ಧ ಮಂದಿಗೆ ತಿಳಿಸಿದರು. ಬೆಲೆಯನ್ನು ಹತ್ತು ಸೆಂಟಿಗೆ ಇಳಿಸಲಾಗಿದೆಯೆಂದು ಉಳಿದವರಿಗೆ ತಿಳಿಸಿದರು. ಮೊದಲಿನವರಲ್ಲಿ ಶೇ. 85ರಷ್ಟು ಮಂದಿ ನೋವು ಕಡಿಮೆಯಾಯಿತೆಂದರು, ಎರಡನೆಯವರಲ್ಲಿ ಶೇ. 61 ಮಾತ್ರ. ಗುಳಿಗೆ ಒಂದೇ, ಬೆಲೆಯ ಮಾತು ಮಾತ್ರ ಬೇರೆ. ಅದೇ ದೇಶದ ಷಿಕಾಗೋದಲ್ಲಿ 2008ರಲ್ಲಿ ಹುಟ್ಟಿದ ಗ್ರೂಪಾನ್ ಎಂಬ ಕಂಪನಿಯು ಹೋಟೆಲು, ಕ್ಷೌರದ ಅಂಗಡಿ ಮುಂತಾದವುಗಳ ಸೇವೆಯನ್ನು ಅರ್ಧ ಬೆಲೆಯ ಕೂಪನ್ನಿನ ಮೂಲಕ ಮಾರುತ್ತಿತ್ತು. ಗಿರಾಕಿಗಳು ಬರೆದ ವಿಮರ್ಶೆಗಳನ್ನು ಪರಿಶೀಲಿಸಿ 2012ರಲ್ಲಿ ವಿದ್ವಾಂಸರು ಪ್ರಕಟಿಸಿದ ಲೇಖನದಂತೆ, ಆ ಕೂಪನ್ನಿನ ಪ್ರಸ್ತಾಪವಿದ್ದ ವಿಮರ್ಶೆಗಳಲ್ಲಿ ಅಂಗಡಿಗೆ ದೊರೆತ ಅಂಕ ಉಳಿದವುಗಳಿಗಿಂತ ಸುಮಾರು ಶೇ. 10ರಷ್ಟು ಕಡಿಮೆ. ಅಗ್ಗಕ್ಕೆ ಪಡೆದವರು ಹೆಚ್ಚು ಸಂತುಷ್ಟರಾಗಬೇಕಿತ್ತೆಂದು ನಾವು ಎಣಿಸುತ್ತೇವೆ. ಹಾಗಾಗಲಿಲ್ಲ.

ಹಾಗೆಂದು ರಿಯಾಯಿತಿಯೆಲ್ಲವೂ ಹಾನಿಕರವೆಂದು ಹೇಳಹೊರಟರೆ ಅದು ನ್ಯಾಯವಾಗಲಾರದು. 2010ರಲ್ಲಿ ಅದೇ ಗ್ರೂಪಾನ್ ಯೋಜನೆಯಲ್ಲಿದ್ದ 150 ವ್ಯಾಪಾರಗಳನ್ನು ಅಧ್ಯಯನ ಮಾಡಿದಾಗ ಶೇ. 66ರಷ್ಟಕ್ಕೆ ಲಾಭವೇ ಆಗಿತ್ತು, ಶೇ. 32ರಷ್ಟಕ್ಕೆ ನಷ್ಟವಾಗಿತ್ತು. ಸೇವೆಯ ವ್ಯಾಪಾರಗಳ ಪೈಕಿ ಹೆಚ್ಚು ಸೊರಗಿದವು ಊಟದ ಹೋಟೆಲುಗಳು. ಕಾರಣವನ್ನು ಊಹಿಸುವುದು ಕಷ್ಟವಲ್ಲ. ಕ್ಷೌರದ ಅಂಗಡಿಯ ಖಾಲಿ ಕುರ್ಚಿಯಲ್ಲಿ ಒಬ್ಬನನ್ನು ಅರ್ಧ ಬೆಲೆಗೆ ಕೂರಿಸಿದರೆ ಹೆಚ್ಚಿನ ಖರ್ಚೇನೂ ಇಲ್ಲ. ಆದರೆ ಪ್ರತಿಯೊಂದು ಎಲೆಗೂ ಹೊಸದಾಗಿ ಹಿಟ್ಟು ನಾದಲೇಬೇಕು. ಮಳೆಗಾಲದಲ್ಲಿ ಮಡಿಕೇರಿಯ ವಸತಿಗೃಹವು ಬಾಡಿಗೆ ಇಳಿಸಿದರೆ ಯಾರೂ ಹುಬ್ಬೇರಿಸುವುದಿಲ್ಲ. ನಮ್ಮ ರಸ್ತೆ ಸಾರಿಗೆ ನಿಗಮವು ನಾಲ್ಕು ಅಥವಾ ಹೆಚ್ಚು ಆಸನಗಳನ್ನು ಒಟ್ಟಿಗೆ ಕಾಯ್ದಿರಿಸಿದವರಿಗೆ ಶೇ. 5ರಷ್ಟು, ಹೋಗುವ ಬರುವ ಟಿಕೆಟನ್ನು ಒಮ್ಮೆಲೇ ಪಡೆದವರಿಗೆ ಮರುಪ್ರಯಾಣದಲ್ಲಿ ಶೇ. 10ರಷ್ಟು ರಿಯಾಯಿತಿ ನೀಡುತ್ತ ಬಂದಿದೆ. ಅದರಿಂದ ಬಸ್ಸಿನ ಮೇಲಿನ ನಂಬಿಕೆ ಕುಂದಿತೆಂದು ಯಾರೂ ಹೇಳಿಲ್ಲ.

ಇನ್ನೂ ಮುಂದಕ್ಕೆ ಹೋಗೋಣ. ಬೆಲೆಯೇ ಇಲ್ಲದ ಅನ್ನದ ಮಾತೇನು? ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಸಾವಿರಾರು ಮಕ್ಕಳು ದಿನವೂ ಉಣ್ಣುತ್ತಾರೆ. ಆ ಪಂಕ್ತಿಯಲ್ಲಿ ಕುಳಿತ ಯಾರಿಗಾದರೂ ಈ ಅನ್ನದಲ್ಲಿ ಏನೋ ಮೋಸವಿದೆಯೆಂದು ಅನಿಸಿದ್ದುಂಟೇ? 2017ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಇಂದಿರಾ ಕ್ಯಾಂಟೀನಿನಲ್ಲಿ ಐದು ರೂಪಾಯಿಗೆ ಉಪಾಹಾರ, ಹತ್ತು ರೂಪಾಯಿಗೆ ಊಟ ದೊರೆಯಿತು. ಉಂಡವರಲ್ಲಿ ಯಾರೂ ಪಕ್ಕದ ಹೋಟೆಲಿನವನು ತಮ್ಮನ್ನು ಇಷ್ಟು ದಿನ ಸುಲಿದನೆಂದು ದೂರಲಿಲ್ಲ. ಏಕೆಂದರೆ ಉಳಿದ ಹಣವನ್ನು ತೆರುವವರಾರೆಂಬುದು ಎಲ್ಲರಿಗೂ ಗೊತ್ತು. ದಾಸೋಹದ ಅನ್ನದ ಹಿಂದೆ ಭಕ್ತನ ಕಣಜವಿದೆ. ಕ್ಯಾಂಟೀನಿನ ಅನ್ನದ ಹಿಂದೆ ಸರ್ಕಾರದ ಬೊಕ್ಕಸವಿದೆ. ಅರ್ಧ ಬೆಲೆಯ ವ್ಯಾಪಾರದಲ್ಲಿ ಮಾತ್ರ ಉಳಿದರ್ಧವನ್ನು ಯಾರು ತೆತ್ತರೆಂಬುದು ತಿಳಿಯದು. ಗಿರಾಕಿ ಅದನ್ನು ಬಾಯಿಬಿಟ್ಟು ಕೇಳದಿರಬಹುದು, ಆದರೆ ಆ ಶಂಕೆಯೊಂದಿಗೇ ಉಣ್ಣುತ್ತಾನೆ.

ಬೆಂಗಳೂರಿನ ಬಾಡಿಗೆ ಕಾರುಗಳ ಕಥೆಯೂ ಇದೇ. 2013ರ ನಂತರದ ಕೆಲವು ವರ್ಷ ಮೊಬೈಲಿನಲ್ಲಿ ಕರೆದ ಕಾರಿನ ಪ್ರಯಾಣವು ಅಚ್ಚರಿಯೆನಿಸುವಷ್ಟು ಅಗ್ಗವಾಗಿತ್ತು. ಚಾಲಕನಿಗೂ ಕೈತುಂಬ ಪ್ರೋತ್ಸಾಹಧನ. ಎರಡನ್ನೂ ತೆತ್ತುದು ದೂರದ ಹೂಡಿಕೆದಾರನ ಹಣ. ಆ ಹಣದ ಹರಿವು ತಗ್ಗಿ ಪ್ರೋತ್ಸಾಹಧನ ಇಳಿದಾಗ 2017ರ ಫೆಬ್ರವರಿಯಲ್ಲಿ ಚಾಲಕರು ಮುಷ್ಕರ ಹೂಡಿದರು. ಸಾಲ ಮಾಡಿ ಕಾರು ಕೊಂಡವರಿಗೆ ಅದು ಜೀವನ್ಮರಣದ ಪ್ರಶ್ನೆಯಾಗಿತ್ತು. ಅಗ್ಗದ ದರಕ್ಕೆ ಒಗ್ಗಿದ ಪ್ರಯಾಣಿಕನಿಗಾದರೋ ನ್ಯಾಯವಾದ ದರವೂ ಸುಲಿಗೆಯಂತೆ ಕಾಣತೊಡಗಿತು. ಇದು ಚಾಲಕನ ತಪ್ಪೂ ಅಲ್ಲ, ಪ್ರಯಾಣಿಕನ ತಪ್ಪೂ ಅಲ್ಲ.

ಹೋಟೆಲಿನವರೂ ಕೊನೆಗೆ ಎಚ್ಚೆತ್ತರು. 2017ರ ನವೆಂಬರಿನಲ್ಲಿ ಝೊಮ್ಯಾಟೊ ಸಂಸ್ಥೆಯು ಗೋಲ್ಡ್ ಎಂಬ ಯೋಜನೆಯನ್ನು ಭಾರತದಲ್ಲಿ ತಂದಿತು. ಸದಸ್ಯತ್ವದ ಹಣ ತೆತ್ತವರಿಗೆ ಹೋಟೆಲಿನಲ್ಲಿ ಒಂದು ಭಕ್ಷ್ಯಕ್ಕೆ ಇನ್ನೊಂದು ಉಚಿತ. ಸದಸ್ಯತ್ವದ ಹಣ ಸಂಸ್ಥೆಗೆ, ಉಚಿತ ಭಕ್ಷ್ಯದ ಖರ್ಚು ಹೋಟೆಲಿಗೆ! 2019ರ ಆಗಸ್ಟಿನಲ್ಲಿ ಹೋಟೆಲು ಮಾಲೀಕರ ರಾಷ್ಟ್ರೀಯ ಸಂಘದ ಕರೆಯಂತೆ ಬೆಂಗಳೂರೂ ಸೇರಿ ಅನೇಕ ನಗರಗಳಲ್ಲಿ ನೂರಾರು ಹೋಟೆಲುಗಳು ಇಂಥ ಯೋಜನೆಗಳಿಂದ ಹೊರಬಂದವು. ಗಿರಾಕಿಗಳು ರಿಯಾಯಿತಿಯ ವ್ಯಸನಕ್ಕೆ ಬಿದ್ದಿದ್ದಾರೆಂಬುದು ಅವರ ಮುಖ್ಯ ಆಕ್ಷೇಪವಾಗಿತ್ತು. ಆ ವ್ಯಸನವನ್ನು ಅಂಟಿಸುವಾಗ ತಾವೂ ಜೊತೆಗಿದ್ದುದನ್ನು ಅವರು ಅಷ್ಟಾಗಿ ನೆನೆಯಲಿಲ್ಲವೆಂಬುದು ಬೇರೆ ಮಾತು.

ಇದಕ್ಕಿಂತ ಹಳೆಯದಾದ ಒಂದು ನಿದರ್ಶನ ನನಗೆ ಹೆಚ್ಚು ಪ್ರಿಯ. 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಮಾವಳ್ಳಿ ಟಿಫಿನ್ ರೂಮ್ಸ್ ಅನ್ನು ಬಲ್ಲದವರು ವಿರಳ. ತುರ್ತುಪರಿಸ್ಥಿತಿಯ ಕಾಲದಲ್ಲಿ ಹೋಟೆಲುಗಳು ತಿಂಡಿಗಳನ್ನು ಬಹಳ ಕಡಿಮೆ ಬೆಲೆಗೆ ಮಾರಬೇಕೆಂಬ ಕಟ್ಟಳೆ ಬಂದಿತು. ಸರ್ಕಾರವೇ ವಿಧಿಸಿದ ರಿಯಾಯಿತಿಯೆನ್ನಿ. ಆ ಬೆಲೆಯಲ್ಲಿ ಹಿಂದಿನ ಮಟ್ಟವನ್ನು ಕಾಯ್ದುಕೊಳ್ಳುವುದು ದುಸ್ತರವಾದಾಗ ಆ ಮನೆತನದವರು ಸಿದ್ಧಪಡಿಸಿದ ಹಿಟ್ಟು, ಪುಡಿಗಳ ವ್ಯಾಪಾರದತ್ತ ಹೊರಳಿದರು. ತುಪ್ಪದ ಬದಲು ಮತ್ತೇನನ್ನೋ ಸುರಿದು ಅದೇ ಹೆಸರಿನಲ್ಲಿ ಬಡಿಸುವ ಸುಲಭದ ಹಾದಿಯೂ ಇದ್ದೇ ಇತ್ತು.

ಅಗ್ಗದಿಂದ ಬಡವರಿಗೆ ಉಪಕಾರವಾಗುವುದಿಲ್ಲವೇ ಎಂದು ಓದುಗರು ಕೇಳಬಹುದು. ನಲವತ್ತಕ್ಕೆ ಉಂಡ ವಿದ್ಯಾರ್ಥಿಗೆ ಅಂದು ನಿಜವಾಗಿಯೂ ನಲವತ್ತು ರೂಪಾಯಿ ಉಳಿಯಿತು. ಅದನ್ನು ನಾನು ಅಲ್ಲಗಳೆಯೆನು. ಆದರೆ ರೊಟ್ಟಿ ಬಡಿಯುವ ಇಬ್ಬರು ಹೆಣ್ಣುಮಕ್ಕಳಿಗೆ ಆ ತಿಂಗಳುಗಳಲ್ಲಿ ಕೂಲಿ ತಡವಾಗಿ ಬಂದಿತೆಂಬುದು ನನಗೆ ಅನಂತರ ತಿಳಿಯಿತು. ಅವರ ಕಾಯಕದ ಬೆಲೆಯೇ ಆ ನಲವತ್ತರಲ್ಲಿ ಒಂದು ಪಾಲಾಗಿತ್ತು. ನಮ್ಮ ಮನೆಯ ಬಾಗಿಲಿಗೆ ಈಗ ಬರುವ ಕರಪತ್ರಗಳಲ್ಲಿ ಇಡೀ ದೇಹದ ತಪಾಸಣೆಗೆ ಎಪ್ಪತ್ತು, ಎಂಬತ್ತು ಪ್ರತಿಶತ ರಿಯಾಯಿತಿಯೆಂಬ ಮಾತಿರುತ್ತದೆ. ಅಂಥದನ್ನು ಕಂಡಾಗ ಎಷ್ಟು ಉಳಿಯಿತೆಂದು ಎಣಿಸುವ ಮೊದಲು, ಆ ದುಬಾರಿ ಬೆಲೆಯನ್ನು ಎಂದಾದರೂ ಯಾರಾದರೂ ತೆತ್ತಿದ್ದಾರೆಯೇ ಎಂದು ವಿಚಾರಿಸಿ ನೋಡಬೇಕು. ನಾನು ವಿಚಾರಿಸಿದೆ, ಅಲ್ಲಿದ್ದ ಹುಡುಗ ನಕ್ಕು ಸುಮ್ಮನಾದನು.

ಅಕ್ಕನವರು ನಾಲ್ಕನೆಯ ತಿಂಗಳಿಗೆ ಆ ಯೋಜನೆಯನ್ನು ನಿಲ್ಲಿಸಿದರು. ಮಗನಿಗೆ ಬೇಸರವಾಯಿತು, ಮೋಟಾರ್ ಸೈಕಲ್ಲುಗಳ ಸಾಲು ಒಂದೇ ವಾರದಲ್ಲಿ ಕರಗಿತು. ಅರ್ಧ ಬೆಲೆಗೆ ಬಂದವರಲ್ಲಿ ಪೂರ್ಣ ಬೆಲೆಗೆ ಉಳಿದವರು ಬೆರಳೆಣಿಕೆಯಷ್ಟು. ರೊಟ್ಟಿ ಮೊದಲಿನ ದಪ್ಪಕ್ಕೆ ಬಂದಿತು. ಈಚೆಗೆ ಜೋಳದ ಧಾರಣೆ ಏರಿ ಊಟಕ್ಕೆ ಹತ್ತು ರೂಪಾಯಿ ಹೆಚ್ಚಿಸಬೇಕಾದಾಗ ಅವರು ಗಲ್ಲಾದ ಪಕ್ಕದ ಕರಿಹಲಗೆಯ ಮೇಲೆ ಜೋಳದ ಹಿಂದಿನ ಧಾರಣೆ, ಇಂದಿನ ಧಾರಣೆ, ಗ್ಯಾಸಿನ ಬೆಲೆ ಎಲ್ಲವನ್ನೂ ಸೀಮೆಸುಣ್ಣದಲ್ಲಿ ಬರೆಸಿದರು. ಉಣ್ಣಲು ಬಂದವರು ಓದಿಕೊಂಡು, ಕೈತೊಳೆದು, ಪಂಕ್ತಿಗೆ ಕುಳಿತರು. ಆ ನಿವೃತ್ತ ಗುಮಾಸ್ತರು ಮಾತ್ರ ಅಂದಿನ ಮಾತಿನ ಬಳಿಕ ಮರಳಿ ಬಂದಿಲ್ಲ. ಅವರ ಕೂಪನ್ ಪುಸ್ತಕದಲ್ಲಿ ಹನ್ನೊಂದು ಚೀಟಿ ಉಳಿದಿದ್ದವಂತೆ. ಆ ಏಳುನೂರ ಎಪ್ಪತ್ತು ರೂಪಾಯಿಯನ್ನು ಅಕ್ಕನವರು ಕಾಗದದಲ್ಲಿ ಸುತ್ತಿ, ಮೇಲೆ ಅವರ ಹೆಸರು ಬರೆಸಿ, ಗಲ್ಲಾದ ಒಳಖಾನೆಯಲ್ಲಿ ಇಂದಿಗೂ ಬೇರೆಯಾಗಿ ಇಟ್ಟಿದ್ದಾರೆ.